ಹೆಗಲು ಮುಟ್ಟಿ ನೋಡಿಕೊಂಡವನು ಕಳ್ಳನೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇದು ಕನ್ನಡದ ಗಾದೆ. ಉರ್ದುವಿನಲ್ಲಿ ಇದಕ್ಕೆ ಸರಿಸಾಟಿಯಾದ ಇನ್ನೊಂದಿದೆ: ಚೋರ್ ಕೀ ದಾಢೀ ಮೇಂ ತಿನ್‌ಕಾ. ಕಳ್ಳನ ಗಡ್ಡದಲ್ಲಿ ಕಡ್ಡಿಯಿದೆ ಎಂದು ಯಾರೋ ಕೂಗಿದಾಗ, ಕದ್ದವನ ಕೈ ತಾನಾಗಿಯೇ ಗಡ್ಡಕ್ಕೆ ಹೋಯಿತಂತೆ. ಎರಡೂ ಹೇಳುವುದು ಒಂದೇ ಮಾತು. ನಾಲಿಗೆ ಮುಚ್ಚಿಟ್ಟದ್ದನ್ನು ಮೈ ಬಿಟ್ಟುಕೊಡುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಅವನ ಕೈ, ಕಣ್ಣು, ಬೆವರು, ಎದೆಬಡಿತ ಸುಳ್ಳು ಹೇಳಲಾರವು.

ಈ ಗಾದೆಗಳನ್ನು ನಾವು ನಗುತ್ತಾ ಬಳಸುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ಗುಂಪಿನಲ್ಲಿ ಕದಿಯದವನೊಬ್ಬನೂ ಹೆಗಲು ಮುಟ್ಟಿ ನೋಡಿಕೊಂಡಿದ್ದರೆ? ಅವನು ಕುಂಬಳಕಾಯಿ ಮಾರುವವನೇ ಆಗಿರಬಹುದು. ಹಿಂದೊಮ್ಮೆ ಮಾಡದ ತಪ್ಪಿಗೆ ಏಟು ತಿಂದವನಾಗಿರಬಹುದು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಹೆದರಿಕೆಯಿಂದಲೇ ಅವನ ಕೈ ಮೇಲೆದ್ದಿರಬಹುದು. ಗಾದೆಯಲ್ಲಿ ಅವನಿಗೆ ಜಾಗವಿಲ್ಲ. ಗಾದೆಗೆ ಒಬ್ಬ ಕಳ್ಳ ಬೇಕಿತ್ತು, ಸಿಕ್ಕಿದ, ಕಥೆ ಮುಗಿಯಿತು.

ಇಂದಿನ ಮನೋವಿಜ್ಞಾನ ಈ ಗಾದೆಗೆ ತಂತಿ ಜೋಡಿಸಿ ಯಂತ್ರ ಮಾಡಿದೆ. ಎದೆಬಡಿತ, ರಕ್ತದ ಒತ್ತಡ, ಉಸಿರಿನ ಲಯ, ಅಂಗೈಯ ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ, ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಹಾರ್ಮೋನು, ಮಿದುಳಿನ ವಿದ್ಯುತ್ ಅಲೆಗಳು, ಮಿದುಳಿನಲ್ಲಿ ರಕ್ತ ಹರಿಯುವ ಚಿತ್ರ, ಹೀಗೆ ಅಳೆಯುವುದಕ್ಕೆ ಈಗ ಬೇಕಾದಷ್ಟಿವೆ. ಇದಕ್ಕೆ ಕಾರಣವೂ ಇದೆ. ಪ್ರಶ್ನಾವಳಿ ಕೊಟ್ಟರೆ ಜನ ತಮಗೆ ಮರ್ಯಾದೆ ತರುವ ಉತ್ತರ ಬರೆಯುತ್ತಾರೆ. ಎಷ್ಟೋ ಸಲ ತಮ್ಮ ಮನಸ್ಸು ತಮಗೇ ತಿಳಿದಿರುವುದಿಲ್ಲ. ಹಾಗಾಗಿ ಮಾತನ್ನು ಬಿಟ್ಟು ಮೈಯನ್ನೇ ಕೇಳೋಣ ಎಂದು ಸಂಶೋಧಕರು ಹೊರಟರು. ಹೊರಟದ್ದು ತಪ್ಪಲ್ಲ. ಆದರೆ ಮೈ ಕೊಟ್ಟ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ಇದು ಬರೀ ಪ್ರಯೋಗಾಲಯದ ಪ್ರಶ್ನೆಯಲ್ಲ. ಒಬ್ಬ ಮನುಷ್ಯನ ಮಾತಿಗಿಂತ ಅವನ ಬೆವರಿಗೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದರೊಳಗಿದೆ.

ಅಳತೆಯ ವಿಚಾರದಲ್ಲಿ ವಿಜ್ಞಾನಿಗಳು ಎರಡು ಗುಣಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಒಂದು ವಿಶ್ವಾಸಾರ್ಹತೆ, ಇನ್ನೊಂದು ಸಿಂಧುತ್ವ. ಸಂತೆಯ ತಕ್ಕಡಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದೇ ಈರುಳ್ಳಿಯನ್ನು ಹತ್ತು ಸಲ ತೂಗಿದಾಗ ಹತ್ತು ಸಲವೂ ಒಂದೇ ತೂಕ ಬಂದರೆ ಆ ತಕ್ಕಡಿ ವಿಶ್ವಾಸಾರ್ಹ. ಆದರೆ ತೂಕದ ಕಲ್ಲಿನ ತಳವನ್ನು ಕೊರೆದಿದ್ದರೆ? ಹತ್ತು ಸಲವೂ ಒಂದೇ ಸಮನಾಗಿ ಐವತ್ತು ಗ್ರಾಂ ಮೋಸವಾಗುತ್ತದೆ. ತಕ್ಕಡಿ ಸ್ಥಿರವಾಗಿದೆ, ಸತ್ಯವಾಗಿಲ್ಲ. ಇನ್ನೂ ಮುಂದೆ ಹೋಗಿ, ಅದೇ ತಕ್ಕಡಿಯಲ್ಲಿ ಈರುಳ್ಳಿಯ ರುಚಿಯನ್ನು ತೂಗುತ್ತೇನೆ ಎಂದು ಯಾರಾದರೂ ಹೇಳಿದರೆ ಕಲ್ಲು ಸರಿಯಿದ್ದೂ ಪ್ರಯೋಜನವಿಲ್ಲ. ಯಾವುದನ್ನು ಅಳೆಯುತ್ತೇವೆ ಎನ್ನುತ್ತೇವೋ ಅದನ್ನೇ ಅಳೆಯುತ್ತಿದ್ದೇವೆಯೇ ಎಂಬುದು ಸಿಂಧುತ್ವದ ಪ್ರಶ್ನೆ.

ಮೈಯ ಅಳತೆಯಲ್ಲಿ ಮೊದಲನೆಯ ಗುಣವೇ ಕಷ್ಟದಲ್ಲಿ ಸಿಗುತ್ತದೆ. ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಏರಿ, ಸಂಜೆಯ ಹೊತ್ತಿಗೆ ಇಳಿಯುತ್ತದೆ. ಇಬ್ಬರಲ್ಲಿ ಒಬ್ಬನ ಜೊಲ್ಲನ್ನು ಬೆಳಿಗ್ಗೆ, ಇನ್ನೊಬ್ಬನದನ್ನು ಸಂಜೆ ತೆಗೆದು ಯಾರಿಗೆ ಹೆಚ್ಚು ಒತ್ತಡ ಎಂದು ತೀರ್ಮಾನಿಸಿದರೆ ನಾವು ಅಳೆದದ್ದು ಗಡಿಯಾರವನ್ನು. ಅಂಗೈಯ ಬೆವರು ಕೋಣೆಯ ಸೆಕೆಗೂ ಏರುತ್ತದೆ. ರಕ್ತದ ಒತ್ತಡ ಮನೆಯಲ್ಲಿ ಸರಿಯಿದ್ದು, ಡಾಕ್ಟರರ ಮುಂದೆ ಕೂತ ಕೂಡಲೇ ಏರುವುದು ಎಷ್ಟೋ ಜನರ ಅನುಭವ. ಅಳೆಯುವವನ ಬಿಳಿ ಕೋಟೇ ಅಳತೆಯನ್ನು ಬದಲಿಸುತ್ತದೆ. ದುಬಾರಿ ಯಂತ್ರಗಳ ಕಥೆಯೂ ಬಹಳ ಬೇರೆಯಲ್ಲ. ಕೆಲಸವೊಂದನ್ನು ಕೊಟ್ಟು, ಅದನ್ನು ಮಾಡುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ಸ್ಕ್ಯಾನ್ ತೆಗೆಯುವ 90 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಬ್ಬನೇ ವ್ಯಕ್ತಿಯನ್ನು ಮತ್ತೆ ಪರೀಕ್ಷಿಸಿದಾಗ ಫಲಿತಾಂಶಗಳು ಎಷ್ಟು ಹೊಂದುತ್ತವೆ ಎಂಬುದಕ್ಕೆ ಅದರಲ್ಲಿ ಸಿಕ್ಕ ಸರಾಸರಿ ಅಂಕ ಸುಮಾರು 0.4. ಪೂರ್ತಿ ಹೊಂದಿದರೆ ಅದು 1 ಆಗಬೇಕು. ಗುಂಪಿನ ಬಗ್ಗೆ ಏನೋ ಒಂದು ಹೇಳಲು ಇಷ್ಟು ಸಾಕಾಗಬಹುದು. ಇದನ್ನು ಹಿಡಿದುಕೊಂಡು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲಾಗದು.

ಎರಡನೆಯ ಗುಣ ಇನ್ನೂ ಕಠಿಣ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ನಿಜ. ಆದರೆ ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿರಬೇಕೆಂದಿಲ್ಲ. ಮನೆಯವರು ನೀರು ಚಿಮುಕಿಸಿರಬಹುದು. ಹೆದರಿದವನ ಎದೆ ಜೋರಾಗಿ ಬಡಿಯುತ್ತದೆ. ಆದರೆ ಸಿಟ್ಟು ಬಂದವನದೂ, ನಾಚಿದವನದೂ, ಮೆಟ್ಟಿಲು ಹತ್ತಿ ಬಂದವನದೂ, ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದವನದೂ ಹಾಗೆಯೇ ಬಡಿಯುತ್ತದೆ. ಪ್ರತಿಯೊಂದು ಭಾವನೆಗೂ ಬೆರಳಚ್ಚಿನ ಹಾಗೆ ಬೇರೆ ಬೇರೆ ಗುರುತು ಮೈಯಲ್ಲಿ ಇದೆಯೇ ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದ್ದಾರೆ. ಎಲ್ಲರೂ ಒಪ್ಪುವಂತಹ ಗುರುತು ಇನ್ನೂ ಸಿಕ್ಕಿಲ್ಲ.

ಶೇಕ್ಸ್‌ಪಿಯರ್‌ನ ಒಥೆಲೊ ನಾಟಕ ಓದಿದವರಿಗೆ ಇದು ಹೊಸದಲ್ಲ. ಗಂಡ ತನ್ನನ್ನು ನಂಬುತ್ತಿಲ್ಲ ಎಂದು ತಿಳಿದು ಡೆಸ್ಡಿಮೋನ ಹೆದರಿ ಅಳುತ್ತಾಳೆ. ಅವನು ಆ ಕಣ್ಣೀರನ್ನೇ ಅಪರಾಧದ ಗುರುತೆಂದು ಓದುತ್ತಾನೆ, ಕೊಲ್ಲುತ್ತಾನೆ. ಮನೋವಿಜ್ಞಾನಿ ಪಾಲ್ ಎಕ್‌ಮನ್ 1985ರ ತಮ್ಮ ಪುಸ್ತಕದಲ್ಲಿ ಇಂತಹ ತಪ್ಪಿಗೆ ಒಥೆಲೊನ ಹೆಸರನ್ನೇ ಇಟ್ಟರು. ಒಥೆಲೊನ ಕಣ್ಣು ಸರಿಯಾಗಿಯೇ ಇತ್ತು. ಅವನು ಕಂಡ ಕಣ್ಣೀರು ನಿಜ, ಹೆದರಿಕೆಯೂ ನಿಜ. ಸುಳ್ಳಾದದ್ದು ಆ ಕಣ್ಣೀರಿಗೆ ಅವನು ಕೊಟ್ಟ ಅರ್ಥ.

ಹಾಗಾದರೆ ಮೈಯನ್ನು ಓದುವುದೇ ಬೇಡವೇ? ಹಳೆಯ ಹಕೀಮರು ಅದನ್ನು ಹೇಗೆ ಓದುತ್ತಿದ್ದರು ಎಂದು ನೋಡಿದರೆ ಒಂದು ದಾರಿ ಕಾಣುತ್ತದೆ. ಎರಡನೆಯ ಶತಮಾನದಲ್ಲಿ ರೋಮ್‌ನಲ್ಲಿದ್ದ ಗ್ಯಾಲೆನ್, ಅಂದರೆ ಉರ್ದು ಓದಿದವರು ಜಾಲೀನೂಸ್ ಎಂದು ಕರೆಯುವ ವೈದ್ಯ, ನಿದ್ದೆಯಿಲ್ಲದೆ ಬಳಲುತ್ತಿದ್ದ ಹೆಂಗಸೊಬ್ಬಳನ್ನು ಪರೀಕ್ಷಿಸಿದ ಸಂಗತಿಯನ್ನು ಬರೆದಿಟ್ಟಿದ್ದಾನೆ. ಪಿಲಾಡಿಸ್ ಎಂಬ ನರ್ತಕನ ಹೆಸರು ಯಾರದೋ ಬಾಯಲ್ಲಿ ಬಂದಾಗ ಅವಳ ನಾಡಿ ತಪ್ಪಿತು. ಗ್ಯಾಲೆನ್ ಅಲ್ಲಿಗೇ ತೀರ್ಮಾನಕ್ಕೆ ಬರಲಿಲ್ಲ. ಮರುದಿನ ಬೇರೊಬ್ಬ ನರ್ತಕನ ಹೆಸರು ಹೇಳಿಸಿದ. ಅದರ ಮರುದಿನ ಮತ್ತೊಬ್ಬನದು. ನಾಡಿ ಅಲುಗಲಿಲ್ಲ. ನಾಲ್ಕನೆಯ ದಿನ ಪಿಲಾಡಿಸ್‌ನ ಹೆಸರು ಬಂದಾಗ ಮತ್ತೆ ತಪ್ಪಿತು. ಈಗಿನ ಪ್ರಯೋಗಾಲಯದವರು ಹೋಲಿಕೆಯ ಪರೀಕ್ಷೆ ಎನ್ನುವುದು ಇದನ್ನೇ.

ಇಬ್ನ್ ಸೀನಾ ತಮ್ಮ ವೈದ್ಯಗ್ರಂಥ ಅಲ್‌ಕಾನೂನ್‌ನಲ್ಲಿ ಪ್ರೇಮಜ್ವರದ ಬಗ್ಗೆ ಬರೆಯುತ್ತಾ, ರೋಗಿ ಹೆಸರು ಹೇಳದಿದ್ದರೆ ನಾಡಿಯ ಮೇಲೆ ಬೆರಳಿಟ್ಟು ಹಲವು ಹೆಸರುಗಳನ್ನು ಹೇಳಬೇಕು, ಇದನ್ನು ಮತ್ತೆ ಮತ್ತೆ ಮಾಡಿ ನೋಡಬೇಕು ಎನ್ನುತ್ತಾರೆ. ನಿಜಾಮಿ ಅರೂಜಿ 12ನೆಯ ಶತಮಾನದಲ್ಲಿ ಬರೆದ ಚಹಾರ್ ಮಕಾಲಾದಲ್ಲಿ ಇದರ ಕಥೆಯೇ ಇದೆ. ಗುರ್ಗಾನ್ ಎಂಬ ಊರಿನಲ್ಲಿ ರಾಜನ ಬಂಧುವಾದ ತರುಣನೊಬ್ಬ ಹಾಸಿಗೆ ಹಿಡಿದಿರುತ್ತಾನೆ. ಇಬ್ನ್ ಸೀನಾ ಅವನ ನಾಡಿ ಹಿಡಿದು, ಊರು ಬಲ್ಲವನೊಬ್ಬನಿಂದ ಮೊದಲು ಮೊಹಲ್ಲಾಗಳ ಹೆಸರು, ಆಮೇಲೆ ಬೀದಿಗಳ ಹೆಸರು, ಆಮೇಲೆ ಮನೆಗಳ ಮತ್ತು ಮನೆಮಂದಿಯ ಹೆಸರು ಹೇಳಿಸುತ್ತಾರೆ. ಕೊನೆಗೆ ಒಂದು ಹೆಸರಿಗೆ ನಾಡಿ ಹಾರುತ್ತದೆ. ತರುಣ ನಾಚಿ ಹೊದಿಕೆಯೊಳಗೆ ಮುಖ ಮುಚ್ಚಿಕೊಳ್ಳುತ್ತಾನೆ, ಕೇಳಿದಾಗ ಹೌದೆಂದು ಒಪ್ಪಿಕೊಳ್ಳುತ್ತಾನೆ. ಮದುವೆಯೇ ಮದ್ದಾಗುತ್ತದೆ.

ಇದು ನಡೆದದ್ದೋ ಕಟ್ಟಿದ್ದೋ ಎಂಬುದು ಮುಖ್ಯವಲ್ಲ. ಅದರ ಕ್ರಮವನ್ನು ನೋಡಿ. ಅಳತೆಯನ್ನು ಮತ್ತೆ ಮತ್ತೆ ಮಾಡಲಾಯಿತು, ಅದು ವಿಶ್ವಾಸಾರ್ಹತೆ. ನಾಡಿ ಹೇಳಿದ್ದನ್ನು ಕೊನೆಗೆ ರೋಗಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಲಾಯಿತು, ಅದು ಸಿಂಧುತ್ವದ ಕಡೆಗಿನ ಹೆಜ್ಜೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಡಿ ಹಿಡಿದ ಕೈ ಗುಣಪಡಿಸಲು ಬಂದ ಕೈ.

ಇಪ್ಪತ್ತನೆಯ ಶತಮಾನದಲ್ಲಿ ಅದೇ ನಾಡಿಯನ್ನು ಬೇರೆಯವರು ಹಿಡಿದರು. ಅಮೆರಿಕದ ವಿಲಿಯಂ ಮಾರ್ಸ್‌ಟನ್ ಸುಳ್ಳು ಹೇಳುವಾಗ ರಕ್ತದ ಒತ್ತಡ ಏರುತ್ತದೆ ಎಂದು ವಾದಿಸಿದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರದ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ರಕ್ತದೊತ್ತಡ ಮತ್ತು ಉಸಿರನ್ನು ಒಟ್ಟಿಗೆ ದಾಖಲಿಸುವ ಯಂತ್ರವನ್ನು ಬಳಸತೊಡಗಿದರು. ಮುಂದೆ ಬೆವರಿನ ಅಳತೆಯೂ ಸೇರಿ ಪಾಲಿಗ್ರಾಫ್ ಆಯಿತು, ಜನರ ಬಾಯಲ್ಲಿ ಸುಳ್ಳು ಪತ್ತೆ ಯಂತ್ರವಾಯಿತು. ಆ ಹೆಸರೇ ಮೊದಲ ಸುಳ್ಳು. ಅದು ಪತ್ತೆ ಮಾಡುವುದು ಮೈಯ ತಳಮಳವನ್ನು, ಸುಳ್ಳನ್ನಲ್ಲ. 1923ರಷ್ಟು ಹಿಂದೆಯೇ ಅಮೆರಿಕದ ನ್ಯಾಯಾಲಯವೊಂದು ಮಾರ್ಸ್‌ಟನ್‌ರ ರಕ್ತದೊತ್ತಡದ ಪರೀಕ್ಷೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಒಪ್ಪಲಿಲ್ಲ.

2003ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಪಾಲಿಗ್ರಾಫ್ ಕುರಿತು ವರದಿ ಕೊಟ್ಟಿತು. ಅದರಲ್ಲಿರುವ ಒಂದು ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು. ಹತ್ತು ಸಾವಿರ ನೌಕರರಲ್ಲಿ ಹತ್ತು ಮಂದಿ ಗೂಢಚಾರರಿದ್ದಾರೆ ಎಂದುಕೊಳ್ಳೋಣ. ಯಂತ್ರ ಸಾಕಷ್ಟು ಒಳ್ಳೆಯದೆಂದೇ ಒಪ್ಪಿಕೊಳ್ಳೋಣ. ಹತ್ತರಲ್ಲಿ ಎಂಟು ಗೂಢಚಾರರು ಸಿಕ್ಕಿಬೀಳುವಷ್ಟು ಬಿಗಿಯಾಗಿ ಅದನ್ನು ಬಳಸಿದರೆ, ಅವರ ಜೊತೆಗೆ ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಇಬ್ಬರು ಗೂಢಚಾರರು ಆಗಲೂ ತಪ್ಪಿಸಿಕೊಳ್ಳುತ್ತಾರೆ. ಯಂತ್ರ ಬೆರಳು ಮಾಡಿದ ಪ್ರತಿ ಇನ್ನೂರು ಜನರಲ್ಲಿ ಒಬ್ಬ ಮಾತ್ರ ತಪ್ಪಿತಸ್ಥ, ಉಳಿದವರೆಲ್ಲ ಸುಮ್ಮನೆ ಹೆಗಲು ಮುಟ್ಟಿ ನೋಡಿಕೊಂಡವರು.

ಇನ್ನೊಂದು ವಿಚಾರವನ್ನು ನಾವು ಮರೆಯುತ್ತೇವೆ. ಅಳತೆಗೋಲು ಯಾರ ಮೈಯ ಮೇಲೆ ಪರೀಕ್ಷೆಯಾಗಿ ಬಂದಿದೆ? ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ಮನೆಮನೆಗೂ ಬಂತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನ ಒಂದು ಗಾಬರಿಯ ಸಂಗತಿಯನ್ನು ಹೇಳಿತು. ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಯಂತ್ರ ಸರಿಯಿದೆ ಎಂದು ತೋರಿಸುವುದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಚರ್ಮದ ಮೂಲಕ ಬೆಳಕು ಹಾಯಿಸಿ ಓದುವ ಯಂತ್ರ ಚರ್ಮದ ಬಣ್ಣಕ್ಕೆ ಎಡವುತ್ತಿತ್ತು. ಬೆಳಕಿನಿಂದ ನಾಡಿ ಓದುವ ಇದೇ ವಿಧಾನ ಕೈಗಡಿಯಾರಗಳಲ್ಲೂ ಮನೋವಿಜ್ಞಾನದ ಪ್ರಯೋಗಗಳಲ್ಲೂ ಇದೆ.

ಅಳತೆಯ ಹೆಸರಿನಲ್ಲಿ ನಮ್ಮ ನಾಡಿನಲ್ಲಿ ಆಗಿಹೋದದ್ದೂ ಇದೆ. 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲಿ ಜನರ ಮೂಗಿನ ಉದ್ದ ಅಗಲ ಅಳೆದು, ಜಾತಿಯ ಮೇಲು ಕೀಳಿಗೂ ಮೂಗಿನ ಅಗಲಕ್ಕೂ ಸಂಬಂಧವಿದೆ ಎಂದು ಸಾರಿದರು. ದಕ್ಷಿಣದಲ್ಲಿ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್‌ಟನ್ ಕೂಡ ಇಂತಹ ಅಳತೆಗಳನ್ನು ಸಂಗ್ರಹಿಸಿದರು. ಮೂಗನ್ನು ಮಿಲಿಮೀಟರ್ ತಪ್ಪದಂತೆ ಅಳೆದಿದ್ದರೂ ಅದರಿಂದ ಮನುಷ್ಯನ ಯೋಗ್ಯತೆ ಅಳೆದಂತಾಗುವುದಿಲ್ಲ. ಅಳತೆಗೆ ಮೊದಲೇ ತೀರ್ಪು ಸಿದ್ಧವಿತ್ತು. ಅಂಕಿಗಳು ಆ ತೀರ್ಪಿಗೆ ಹಾಕಿದ ಮೊಹರು ಮಾತ್ರ.

ಈ ಪ್ರಶ್ನೆ ಕನ್ನಡಿಗರಿಗೆ ದೂರದ್ದಲ್ಲ. ನಕಲಿ ಛಾಪಾ ಕಾಗದ ಪ್ರಕರಣದ ಕಾಲದಿಂದ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಂಬ ಪದಗಳು ನಮ್ಮ ಪತ್ರಿಕೆಗಳಲ್ಲಿ ದಿನನಿತ್ಯದ ಮಾತಾಗಿದ್ದವು. ದೇಶದ ಬೇರೆ ಬೇರೆ ಕಡೆಯಿಂದ ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಮಿದುಳಿನ ಅಲೆಗಳಿಂದ ಅಪರಾಧದ ನೆನಪನ್ನು ಪತ್ತೆ ಮಾಡುವ ಒಂದು ವಿಧಾನವನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್. ಆರೋಪಿಯ ತಲೆಗೆ ತಂತಿಗಳ ಟೋಪಿ ಹಾಕಿ ಕೂರಿಸುತ್ತಾರೆ. ಅವನು ಬಾಯಿ ಬಿಡಬೇಕಾಗಿಲ್ಲ. ನಾನು ಹೀಗೆ ಮಾಡಿದೆ, ನಾನು ಹಾಗೆ ಮಾಡಿದೆ ಎಂಬ ವಾಕ್ಯಗಳನ್ನು ಅವನ ಕಿವಿಗೆ ಕೇಳಿಸುತ್ತಾರೆ. ಮಾಡಿದ ಅನುಭವವಿದ್ದರೆ ಮಿದುಳು ಬೇರೆಯಾಗಿ ಸ್ಪಂದಿಸುತ್ತದೆ ಎಂಬುದು ವಾದ. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯ ಯುವತಿಯೊಬ್ಬಳಿಗೆ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸುವಾಗ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿ ತೆಗೆದುಕೊಂಡಿತು. ಮುಂದೆ ಬಾಂಬೆ ಹೈಕೋರ್ಟ್ ಆಕೆಗೆ ಜಾಮೀನು ನೀಡಿತು. ಆದರೆ ಅದೇ ನಿಮ್ಹಾನ್ಸ್‌ನ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಮಿದುಳಿನ ಇಂತಹ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದು, ಇವನ್ನು ಸಾಕ್ಷ್ಯವಾಗಿ ಬಳಸಬಾರದು ಎಂದಿತು. ಒಂದೇ ಸಂಸ್ಥೆಯ ನೆರಳಿನಲ್ಲಿ ಯಂತ್ರವೂ ಬಂತು, ಅದರ ಮೇಲಿನ ಅನುಮಾನವೂ ಬಂತು. ವಿಜ್ಞಾನ ಬೆಳೆಯುವುದು ಹೀಗೆಯೇ. ಆದರೆ ಅನುಮಾನ ಬರುವ ಮೊದಲೇ ತೀರ್ಪು ಬಂದರೆ ಅದನ್ನು ಅನುಭವಿಸುವವರು ಯಾರು?

2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಮಂಪರು ಪರೀಕ್ಷೆ, ಪಾಲಿಗ್ರಾಫ್, ಮಿದುಳಿನ ಪರೀಕ್ಷೆ ಇವನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎಂಬ ಸಂವಿಧಾನದ 20(3)ನೆಯ ವಿಧಿ ಇಲ್ಲಿಗೂ ಅನ್ವಯಿಸುತ್ತದೆ. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಈ ಮಾತನ್ನು ಮತ್ತೆ ಎತ್ತಿಹಿಡಿಯಿತು. ಹದಿನೈದು ವರ್ಷಗಳ ನಂತರವೂ ಇದನ್ನು ಮತ್ತೆ ಹೇಳಬೇಕಾಯಿತು ಎಂಬುದೇ ಯೋಚಿಸಬೇಕಾದ ವಿಷಯ. ಈಗಲೂ ಯಾವುದಾದರೂ ಘೋರ ಕೃತ್ಯ ನಡೆದಾಗ ಮಂಪರು ಪರೀಕ್ಷೆ ಮಾಡಿಸಿ ಎಂಬ ಕೂಗು ಮೊದಲು ಏಳುತ್ತದೆ.

2006ರ ಮಾಲೆಗಾಂವ್ ಸ್ಫೋಟ ಪ್ರಕರಣದಲ್ಲಿ ಬಂಧಿತರಾದ ಮುಸ್ಲಿಮರನ್ನು ಇಂತಹ ಪರೀಕ್ಷೆಗಳಿಗೆ ಒಳಪಡಿಸಲಾಗಿತ್ತು. ಅವರು ಐದು ವರ್ಷ ಜೈಲಿನಲ್ಲಿದ್ದರು. 2016ರ ಏಪ್ರಿಲ್‌ನಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ಪ್ರಕರಣದಿಂದ ಕೈಬಿಟ್ಟಿತು. ಇದು ಒಂದು ಸಮುದಾಯದ ದೂರಾಗಿ ಮಾತ್ರ ನಿಲ್ಲಬಾರದು. ಬಡವ, ದಲಿತ, ಆದಿವಾಸಿ, ಅಲೆಮಾರಿ, ಹೀಗೆ ಯಾರ ಮಾತಿಗೆ ಠಾಣೆಯಲ್ಲಿ ಬೆಲೆಯಿಲ್ಲವೋ ಅವರ ಮೈಯನ್ನು ಓದುವ ಉತ್ಸಾಹ ಹೆಚ್ಚು. ಬೆಲೆಯುಳ್ಳವನ ಮಾತನ್ನು ಬರೆದುಕೊಳ್ಳುತ್ತಾರೆ, ಬೆಲೆಯಿಲ್ಲದವನ ಬೆವರನ್ನು ಅಳೆಯುತ್ತಾರೆ.

ಸತ್ತವರ ಮನೆಯವರಿಗೆ ನ್ಯಾಯ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ತಪ್ಪು ಅಳತೆ ಮೊದಲು ದ್ರೋಹ ಮಾಡುವುದು ಅವರಿಗೇ. ಅಮೆರಿಕದ ಗ್ಯಾರಿ ರಿಡ್ಜ್‌ವೇ ಎಂಬ ಸರಣಿ ಹಂತಕ 1984ರಲ್ಲಿ ಪಾಲಿಗ್ರಾಫ್ ಪರೀಕ್ಷೆಯಲ್ಲಿ ಪಾಸಾಗಿ ಹೊರಬಂದ. 2001ರಲ್ಲಿ ಅವನನ್ನು ಹಿಡಿದುಕೊಟ್ಟದ್ದು ಡಿಎನ್‌ಎ. ಡಿಎನ್‌ಎ ಕೂಡ ಮೈಯ ಅಳತೆಯೇ ಅಲ್ಲವೇ ಎಂದರೆ ಹೌದು. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಈ ಕಲೆ ಯಾರ ಮೈಯದು ಎಂಬುದು ಮೈಯ ಬಗ್ಗೆಯೇ ಇರುವ ಪ್ರಶ್ನೆ. ಇವನ ಮನಸ್ಸಿನಲ್ಲಿ ಏನಿದೆ ಎಂಬುದು ಹಾಗಲ್ಲ. ಮೊದಲನೆಯದಕ್ಕೆ ಮೈ ಸಾಕ್ಷಿ, ಎರಡನೆಯದಕ್ಕೆ ಅದು ಬರೀ ಸುಳಿವು.

ಮೈಯ ಅಳತೆ ಮನುಷ್ಯನ ಪರವಾಗಿ ನಿಂತ ಉದಾಹರಣೆಯನ್ನೂ ಹೇಳಲೇಬೇಕು. 1980ರ ದಶಕದವರೆಗೆ ನವಜಾತ ಶಿಶುಗಳಿಗೆ ನೋವಿನ ಅರಿವು ಅಷ್ಟಾಗಿ ಇರುವುದಿಲ್ಲ ಎಂದು ಬಹಳ ವೈದ್ಯರು ತಿಳಿದಿದ್ದರು. ಅಲುಗಾಡದಂತೆ ಔಷಧ ಕೊಟ್ಟು, ನೋವು ತಡೆಯುವ ಸರಿಯಾದ ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಂಗಡಿಗರು ಆಕ್ಸ್‌ಫರ್ಡ್‌ನಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ರಕ್ತದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಏರುವ ಒತ್ತಡದ ಹಾರ್ಮೋನುಗಳನ್ನು ಅಳೆದರು. ನೋವು ತಡೆಯುವ ಔಷಧ ಕೊಟ್ಟ ಶಿಶುಗಳಲ್ಲಿ ಅವು ಅಷ್ಟು ಏರಲಿಲ್ಲ. ಆ ಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಚೆನ್ನಾಗಿ ಚೇತರಿಸಿಕೊಂಡವು. 1987ರಲ್ಲಿ ಪ್ರಕಟವಾದ ಈ ಅಧ್ಯಯನ ವೈದ್ಯರ ರೂಢಿಯನ್ನು ಬದಲಿಸಲು ನೆರವಾಯಿತು. ಮಾತು ಬಾರದ ಮಗುವಿನ ಪರವಾಗಿ ಅದರ ರಕ್ತ ಮಾತನಾಡಿತು.

ಒಂದೇ ವಿಜ್ಞಾನ, ಎರಡು ಬಳಕೆ. ವ್ಯತ್ಯಾಸ ಎಲ್ಲಿದೆ? ಒಂದು ಕಡೆ ಮಾತನಾಡಲಾರದವರ ಪರವಾಗಿ ಅಳತೆ ನಿಂತಿದೆ. ಇನ್ನೊಂದು ಕಡೆ, ಮಾತನಾಡಬಲ್ಲವನ ಮಾತನ್ನು ತಳ್ಳಿಹಾಕಲು ಅವನ ಮೈಯನ್ನೇ ಅವನ ಎದುರಾಳಿಯಾಗಿ ನಿಲ್ಲಿಸಲಾಗಿದೆ. ಮೊದಲನೆಯದರಲ್ಲಿ ಅಳತೆ ತಪ್ಪಾದರೆ ಒಂದು ಮಗುವಿಗೆ ಅನಗತ್ಯವಾಗಿ ಔಷಧ ಕೊಟ್ಟಂತಾಗುತ್ತದೆ, ಎರಡನೆಯದರಲ್ಲಿ ತಪ್ಪಾದರೆ ಒಬ್ಬನ ಬದುಕು ಹೋಗುತ್ತದೆ. ತಪ್ಪಿನ ಬೆಲೆ ಹೆಚ್ಚಿದಷ್ಟೂ ಅಳತೆಗೆ ಹೆಚ್ಚು ಪುರಾವೆ ಕೇಳಬೇಕು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತಿರುವುಮುರುವು. ಔಷಧದ ಮಾತ್ರೆಗೆ ಕೇಳುವಷ್ಟು ಪುರಾವೆಯನ್ನು ನಾವು ಟೋಪಿಯ ತಂತಿಗಳಿಗೆ ಕೇಳುವುದಿಲ್ಲ.

ಕಥೆ ಬರೆಯುವ ನನಗೆ ಒಂದು ಅನುಕೂಲವಿದೆ. ಅವನ ಕೈ ನಡುಗಿತು ಎಂದು ನಾನು ಬರೆದರೆ ಯಾಕೆ ನಡುಗಿತು ಎಂಬುದು ನನಗೆ ಗೊತ್ತಿರುತ್ತದೆ, ಅವನನ್ನು ಕಟ್ಟಿದವನು ನಾನೇ. ತನಿಖೆ ಮಾಡುವ ಅಧಿಕಾರಿಗೆ, ಸ್ಕ್ಯಾನ್ ನೋಡುವ ಸಂಶೋಧಕನಿಗೆ, ಪಕ್ಕದ ಮನೆಯವನ ಮುಖ ನೋಡಿ ತೀರ್ಮಾನಿಸುವ ನಮಗೆ ನಿಮಗೆ ಆ ಅನುಕೂಲವಿಲ್ಲ. ನಡುಗುವ ಕೈಯನ್ನು ನಾವು ಕಾಣಬಹುದು, ಎಷ್ಟು ನಡುಗುತ್ತಿದೆ ಎಂದು ಅಳೆಯಲೂಬಹುದು. ಯಾಕೆ ಎಂಬುದನ್ನು ಆ ಕೈಯುಳ್ಳವನನ್ನೇ ಕೇಳಬೇಕು. ಅವನು ಹೇಳಿದ್ದನ್ನು ಬೇರೆ ಸಾಕ್ಷ್ಯಗಳೊಡನೆ ತಾಳೆ ನೋಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ತಾಳ್ಮೆ ಬೇಕಾಗುತ್ತದೆ. ಆ ತಾಳ್ಮೆಯನ್ನು ಉಳಿಸಿಕೊಡುವ ಯಂತ್ರ ಇನ್ನೂ ಬಂದಿಲ್ಲ.